ಹನಿಹನಿ ಕೂಡಿ ಹಳ್ಳವಾಗುವುದು ಯಾವಾಗ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಮೂಡಿಗೆರೆ ಹತ್ತಿರ. ಮನೆಯಲ್ಲಿ ಸ್ವಲ್ಪ ಕಾಫಿ ತೋಟ, ಜೊತೆಗೆ ಒಂದು ಸಣ್ಣ ಹುರಿಯುವ ಮಿಷನ್ ಇದೆ. ಬೆಳಕಿನ ಆವೃತ್ತಿ ಹೊಸ್ತಿಲು ಆವೃತ್ತಿಗಿಂತ ಕಡಿಮೆಯಿದ್ದರೆ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಎಲೆಕ್ಟ್ರಾನ್ ಹೊರಬರುವುದಿಲ್ಲ ಎಂದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಮೊನ್ನೆ ಕಾಲೇಜಿಗೆ ಉಪನ್ಯಾಸ ಕೊಡಲು ಬಂದವರು, 9 ಎಲೆಕ್ಟ್ರಾನ್ ವೋಲ್ಟ್ ಬೇಕಾದ ಅಣುವನ್ನು ಐದೂವರೆ ಎಲೆಕ್ಟ್ರಾನ್ ವೋಲ್ಟಿನ ಲೇಸರಿನಿಂದ ಅಯಾನೀಕರಿಸುತ್ತಾರೆ, ಎಂದರೆ ಅದರ ಎಲೆಕ್ಟ್ರಾನ್ ಕೀಳುತ್ತಾರೆ ಎಂದರು. ಯಾವುದು ಸರಿ? ಇನ್ನೊಂದು, ಪೊಟ್ಯಾಸಿಯಂನಿಂದ ಎಲೆಕ್ಟ್ರಾನ್ ಕೀಳಲು ಭೌತಶಾಸ್ತ್ರದ ಪುಸ್ತಕದಲ್ಲಿ 2.30 ಎಲೆಕ್ಟ್ರಾನ್ ವೋಲ್ಟ್ ಎಂದಿದೆ. ರಸಾಯನಶಾಸ್ತ್ರದ ಪಟ್ಟಿಯಲ್ಲಿರುವ 419 ಕಿಲೋಜೂಲನ್ನು ಬದಲಿಸಿ ನೋಡಿದರೆ 4.34 ಬರುತ್ತದೆ. ಒಂದೇ ಲೋಹಕ್ಕೆ ಎರಡು ಲೆಕ್ಕ ಯಾಕೆ? ಇದರಿಂದ ಕಾಫಿ ಹುರಿಯೋದಕ್ಕೆ ಏನಾದರೂ ಪ್ರಯೋಜನ ಉಂಟಾ ಅಂತ ಅಪ್ಪ ಕೇಳುತ್ತಿದ್ದಾರೆ. ಹಸಿರು ಲೇಸರ್ ಪೆನ್ನಿನಲ್ಲಿ ಮನೆಯಲ್ಲೇ ಏನಾದರೂ ಮಾಡಿ ನೋಡಬಹುದೇ?

ಉತ್ತರ: ನಿಮ್ಮ ಅಪ್ಪನ ಪ್ರಶ್ನೆ ಎಲ್ಲಕ್ಕಿಂತ ರುಚಿಯಾಗಿದೆ. ಅದಕ್ಕೇ ಅದನ್ನು ಆಮೇಲೆ ತೆಗೆದುಕೊಳ್ಳುತ್ತೇನೆ. ಮೊದಲು ಜಗಳ ಬಿಡಿಸೋಣ. ನಿಮ್ಮ ಪುಸ್ತಕವೂ ಸರಿ, ಬಂದವರು ಹೇಳಿದ್ದೂ ಸರಿ. ಪುಸ್ತಕ ಒಂದು ಮಾತನ್ನು ಹೇಳದೆ ಬಿಟ್ಟಿದೆ ಅಷ್ಟೆ.

ಹನಿಹನಿ ಕೂಡಿದರೆ ಹಳ್ಳ ಅನ್ನುತ್ತೇವಲ್ಲ, ಆ ಗಾದೆ ದ್ಯುತಿವಿದ್ಯುತ್ ಪರಿಣಾಮದಲ್ಲಿ, ಎಂದರೆ ಬೆಳಕು ಬಿದ್ದು ಎಲೆಕ್ಟ್ರಾನ್ ಹೊರಬರುವುದರಲ್ಲಿ, ನಡೆಯುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಹೇಳಿದ್ದರ ಸಾರ ಅದೇ. ಬೆಳಕು ಫೋಟಾನ್ ಎಂಬ ಹನಿಗಳಾಗಿ ಬರುತ್ತದೆ, ಒಂದು ಎಲೆಕ್ಟ್ರಾನಿಗೆ ಒಂದೇ ಹನಿ ಸಿಗುತ್ತದೆ. ಆ ಒಂದು ಹನಿಯಲ್ಲಿ ಸಾಕಷ್ಟು ಶಕ್ತಿ ಇದ್ದರೆ ಎಲೆಕ್ಟ್ರಾನ್ ಹೊಸ್ತಿಲು ದಾಟುತ್ತದೆ, ಇಲ್ಲದಿದ್ದರೆ ಇಲ್ಲ. ಹನಿಯ ಶಕ್ತಿ ತಿಳಿಯಲು ಸುಲಭದ ಲೆಕ್ಕವಿದೆ. 1240ನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. (ಇನ್ನು ಮುಂದೆ ಬರೀ ಇವಿ ಎನ್ನುತ್ತೇನೆ.) 532ರ ಹಸಿರು ಲೇಸರಿಗೆ 2.33 ಇವಿ. 226ರ ನೇರಳಾತೀತಕ್ಕೆ 5.49 ಇವಿ. ನಿಮ್ಮ ಉಪನ್ಯಾಸಕರು ಹೇಳಿದ ಐದೂವರೆ ಬಹುಶಃ ಇದೇ.

ಪುಸ್ತಕ ಬಿಟ್ಟ ಮಾತು ಯಾವುದೆಂದರೆ, "ಒಂದೇ ಹನಿ ಸಿಗುತ್ತದೆ" ಎನ್ನುವುದು ಸಾಮಾನ್ಯ ದೀಪಗಳ ಮಟ್ಟಿಗೆ ಮಾತ್ರ ಖಾತ್ರಿ. ಕಾದ ಕಾವಲಿಯ ಮೇಲೆ ಒಂದೊಂದೇ ಹನಿ ನೀರು ಬೀಳಿಸಿ. ಚುಂಯ್ ಅಂದು ಆರಿಹೋಗುತ್ತದೆ. ಇಡೀ ದಿನ ಹಾಗೇ ಬೀಳಿಸುತ್ತಾ ಕೂತರೂ ಕಾವಲಿಯಲ್ಲಿ ನೀರು ನಿಲ್ಲುವುದಿಲ್ಲ. ಒಂದು ಹನಿ ಆರುವುದರೊಳಗೆ ಇನ್ನೊಂದು ಬಿದ್ದರೆ ಕಥೆ ಬೇರೆ. ಹೊಸ್ತಿಲಿಗೆ ಸಾಲದ ಫೋಟಾನೊಂದು ಅಣುವಿಗೆ ತಗುಲಿದಾಗಲೂ, ನಡುವೆ ನಿಲ್ಲಲು ಜಾಗವಿಲ್ಲದಿದ್ದರೆ, ಅದರ ಪ್ರಭಾವ ಉಳಿಯುವುದು ಸುಮಾರು ಒಂದು ಫೆಮ್ಟೋಸೆಕೆಂಡ್. ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಸಿಗುವಷ್ಟು ಹೊತ್ತು. ಅಷ್ಟರೊಳಗೆ ಎರಡನೇ ಫೋಟಾನ್ ಅದೇ ಅಣುವನ್ನು ಹುಡುಕಿಕೊಂಡು ಬರಬೇಕು. ಬಿಸಿಲಿನಲ್ಲಿ ಇದು ಆಗುವ ಮಾತಲ್ಲ.

ಲೇಸರಿನಲ್ಲಿ ಆಗುತ್ತದೆ. ನೀವೇ ಲೆಕ್ಕ ಹಾಕಿ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಸೆಂಟಿಮೀಟರಿಗೆ ಸುಮಾರು 0.1 ವ್ಯಾಟ್. ಲ್ಯಾಬಿನ ಮಾಮೂಲಿ ಪಲ್ಸ್ ಲೇಸರಿನ ಒಂದು ಮಿಡಿತ 1 ಮಿಲಿಜೂಲ್ ಅಂದುಕೊಳ್ಳಿ. ಒಂದು ಗ್ರಾಂ ತೂಕವನ್ನು ಹತ್ತು ಸೆಂಟಿಮೀಟರ್ ಎತ್ತಿದರೆ ಖರ್ಚಾಗಿ ಹೋಗುವಷ್ಟು ಅಲ್ಪ ಶಕ್ತಿ ಅದು. ಆದರೆ ಅದು ಬರುವುದು 5 ನ್ಯಾನೋಸೆಕೆಂಡಿನಲ್ಲಿ, ಮಸೂರ ಇಟ್ಟು ಅದನ್ನು 0.1 ಮಿಲಿಮೀಟರಿನ ಚುಕ್ಕೆಗೆ ಇಳಿಸಿದರೆ ಚದರ ಸೆಂಟಿಮೀಟರಿಗೆ 250 ಕೋಟಿ ವ್ಯಾಟ್. ಬಿಸಿಲಿನ 2,500 ಕೋಟಿ ಪಟ್ಟು. ಎರಡು ಫೋಟಾನ್ ಒಟ್ಟಿಗೆ ಸಿಗುವ ಸಂಭವ ಪ್ರಖರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಅದನ್ನು ಮತ್ತೆ ಅದರಿಂದಲೇ ಗುಣಿಸಬೇಕು.

ಇದು ಲೇಸರ್ ಬಂದಮೇಲೆ ಹೊಳೆದ ಉಪಾಯ ಅಂದುಕೊಳ್ಳಬೇಡಿ. ಮರಿಯಾ ಗೊಪರ್ಟ್ ಮೇಯರ್ ಎಂಬ ಹೆಣ್ಣುಮಗಳು ತಮ್ಮ ಪಿಎಚ್.ಡಿ.ಗಾಗಿ ಈ ಎರಡು ಫೋಟಾನುಗಳ ಲೆಕ್ಕ ಮಾಡಿದ್ದರು, 1931ರಲ್ಲಿ ಅದು ಅಚ್ಚಾಯಿತು. ಪರೀಕ್ಷಿಸಲು ಬೇಕಾದ ಬೆಳಕು ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. 1960ರಲ್ಲಿ ಮೈಮನ್ ಮಾಣಿಕ್ಯದ ಲೇಸರ್ ಹೊತ್ತಿಸಿದರು, ಮರುವರ್ಷವೇ ಅದರ ಕೆಂಪು ಬೆಳಕನ್ನು ಒಂದು ಹರಳಿಗೆ ಹಾಯಿಸಿ ನೀಲಿ ಬೆಳಕು ಬರುವುದನ್ನು ಕೈಸರ್ ಮತ್ತು ಗ್ಯಾರೆಟ್ ತೋರಿಸಿದರು. ಮೂವತ್ತು ವರ್ಷ ಕಾದ ಲೆಕ್ಕ. ಆಕೆಗೆ 1963ರಲ್ಲಿ ನೊಬೆಲ್ ಬಂದದ್ದು ಪರಮಾಣು ಬೀಜದ ಬಗೆಗಿನ ಬೇರೆಯೇ ಕೆಲಸಕ್ಕೆ.

ಇಲ್ಲಿಯವರೆಗಿನದು ಬರೀ ಬಲಪ್ರಯೋಗ. ನಿಜವಾದ ಚಾತುರ್ಯ ಇರುವುದು ಮುಂದಿನದರಲ್ಲಿ. ಲಾರಿಗೆ ಮೂಟೆ ತುಂಬುವುದನ್ನು ನೀವು ನೋಡಿಯೇ ಇರುತ್ತೀರಿ. ಕೆಳಗಿನವನು ಒಂದೇ ಏಟಿಗೆ ಲೋಡಿನ ತುದಿಗೆ ಎಸೆಯಲಾರ. ಲಾರಿಯ ಅಂಚಿನಲ್ಲಿ ಒಬ್ಬ ನಿಂತು ಮೂಟೆ ಹಿಡಿದುಕೊಂಡರೆ, ಅವನು ಉಸಿರು ತೆಗೆದುಕೊಂಡು ಮೇಲಕ್ಕೆ ದಾಟಿಸುತ್ತಾನೆ. ಪರಮಾಣುಗಳಲ್ಲೂ ಅಣುಗಳಲ್ಲೂ ಅಂಥ ನಡುಗೈಗಳಿವೆ, ಉದ್ರೇಕಿತ ಸ್ಥಿತಿ ಎಂದು ನೀವು ಓದುವುದು ಅದನ್ನೇ. ಸೋಡಿಯಂ ತೆಗೆದುಕೊಳ್ಳಿ. ಅದರ ಹೊರ ಎಲೆಕ್ಟ್ರಾನನ್ನು ಕೀಳಲು 5.14 ಇವಿ ಬೇಕು. 589 ನ್ಯಾನೋಮೀಟರಿನ ಹಳದಿ ಬೆಳಕು, ಎಂದರೆ ನಿಮ್ಮ ಲ್ಯಾಬಿನ ಸೋಡಿಯಂ ದೀಪದ ಹಳದಿಯೇ, ಅದನ್ನು 2.10ಕ್ಕೆ ಏರಿಸುತ್ತದೆ. ಅಲ್ಲಿ ಅದು ಸುಮಾರು 16 ನ್ಯಾನೋಸೆಕೆಂಡ್ ನಿಲ್ಲುತ್ತದೆ. ಆಗಲೇ ಹೇಳಿದ ಫೆಮ್ಟೋಸೆಕೆಂಡಿನ ಮುಂದೆ ಇದು ಒಂದೂವರೆ ಕೋಟಿ ಪಟ್ಟು ದೀರ್ಘ. ಎರಡನೇ ಲೇಸರಿಗೆ ಧಾರಾಳ ಸಮಯ. ಇನ್ನುಳಿದದ್ದು 3.04 ಇವಿ. ಹಸಿರು 532 ಸಾಲದು, 355ರ ನೇರಳಾತೀತ (3.49 ಇವಿ) ಸಾಕು. ಹಳದಿಯನ್ನು ಒಂದು ಕೂದಲೆಳೆ ಆಚೆ ತಿರುಗಿಸಿದರೆ ಅಯಾನುಗಳ ಸಿಗ್ನಲ್ ಬಿದ್ದುಹೋಗುತ್ತದೆ, ಮತ್ತೆ 589ಕ್ಕೆ ತಂದರೆ ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಪೊಟ್ಯಾಸಿಯಂ ಇದ್ದರೂ, ಕಬ್ಬಿಣವಿದ್ದರೂ ಅವುಗಳ ನಡುಗೈ ಬೇರೆ ಎತ್ತರದಲ್ಲಿರುವುದರಿಂದ ಅವು ಈ ದಾರಿಯಲ್ಲಿ ಏರುವುದಿಲ್ಲ. ಹೀಗೆ ಬೆಳಕಿನ ಬಣ್ಣವೇ ಜರಡಿಯಾಗುತ್ತದೆ. ಈ ದಾರಿಯಲ್ಲೇ 1977ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಹರ್ಸ್ಟ್ ಮತ್ತು ಸಂಗಡಿಗರು ಸೀಸಿಯಮ್ಮಿನ ಒಂದೇ ಒಂದು ಪರಮಾಣುವನ್ನು ಎಣಿಸಿ ತೋರಿಸಿದರು.

ನಿಮ್ಮ ಉಪನ್ಯಾಸಕರ 9 ಇವಿ ಅಣು ನೈಟ್ರಿಕ್ ಆಕ್ಸೈಡ್ ಇರಬೇಕು. ವಾಹನಗಳ ಹೊಗೆಯಲ್ಲಿರುವುದು ಅದೇ. ಅದಕ್ಕೆ ಬೇಕಾದದ್ದು 9.26. 226 ನ್ಯಾನೋಮೀಟರಿನ ಒಂದು ಫೋಟಾನ್ ಅದನ್ನು ಒಂದು ನಿಜವಾದ ಮೆಟ್ಟಿಲಿನ ಮೇಲೆ ಕೂರಿಸುತ್ತದೆ, ಅದೇ ಬಣ್ಣದ ಎರಡನೆಯದು ಆಚೆ ದಾಟಿಸುತ್ತದೆ. ಎರಡೂ ಸೇರಿ ಸುಮಾರು 11 ಇವಿ. ಗಾಳಿಯಲ್ಲಿರುವ ಆಕ್ಸಿಜನ್ನಿಗೆ 12.07, ನೀರಾವಿಗೆ 12.62, ನೈಟ್ರೋಜನ್ನಿಗೆ 15.58 ಬೇಕು. ಅವೆಲ್ಲ ಸುಮ್ಮನೆ ಕೂತಿರುತ್ತವೆ. ಅನಿಲವನ್ನು ಸೂಜಿಮೊನೆಯಷ್ಟು ರಂಧ್ರದಿಂದ ನಿರ್ವಾತಕ್ಕೆ ಚಿಮ್ಮಿಸಿದರೆ ಅದು ಹಿಗ್ಗುವ ಭರಕ್ಕೆ ಕೆಲವೇ ಕೆಲ್ವಿನ್‌ಗೆ ತಣಿಯುತ್ತದೆ. ಆಗ ಲೇಸರಿನ ಬಣ್ಣವನ್ನು ನ್ಯಾನೋಮೀಟರಿನ ನೂರನೇ ಒಂದು ಪಾಲಿನಂತೆ ಸರಿಸುತ್ತಾ ಹೋದರೆ ಒಂದೊಂದೇ ಗೆರೆ ಏಳುತ್ತದೆ. ಒಂದೊಂದು ಗೆರೆಯೂ ಅಣು ಎಷ್ಟು ಜೋರಾಗಿ ತಿರುಗುತ್ತಿತ್ತು ಎಂಬುದರ ಗುರುತು.

ಹೇಳುವಾಗ ಸಲೀಸು. ನಾನು ಹಾಸನಕ್ಕೆ ಬಂದು ನೆಲೆಸುವ ಮೊದಲು ಬೆಂಗಳೂರಿನ ಒಂದು ಲ್ಯಾಬಿನಲ್ಲಿದ್ದಾಗ, ಹೊಸದಾಗಿ ಕಟ್ಟಿದ ಯಂತ್ರದಲ್ಲಿ ಮೊದಲ ದಿನವೇ ಭರ್ಜರಿ ಸಿಗ್ನಲ್ ಬಂತು. 266ರ ಲೇಸರ್, ಆಸಿಲೋಸ್ಕೋಪಿನ ಪರದೆ ತುಂಬಾ ಶಿಖರಗಳು. ಕಾಫಿ ತರಿಸಿ ಸಂಭ್ರಮಪಟ್ಟೆವು. ಸಂಜೆ ಒಬ್ಬ ಹುಡುಗ ಮಾದರಿಯ ಕವಾಟ ಮುಚ್ಚಿ ಮನೆಗೆ ಹೊರಟ. ಶಿಖರಗಳು ಹಾಗೇ ಇದ್ದವು! ನಿರ್ವಾತ ಪಂಪಿನ ಎಣ್ಣೆಯಿಂದ ಎದ್ದ ಆವಿ ಅದು. ಬೆಂಜೀನ್ ಉಂಗುರವಿರುವ ಅಣುಗಳಿಗೆ 266 ಎಂದರೆ ಹಬ್ಬದೂಟ. ಎರಡು ವಾರ ಚೇಂಬರ್ ಬಿಚ್ಚಿ, ಒರೆಸಿ, ಕಾಯಿಸಿ ಕಳೆದೆವು. ಅಂದಿನಿಂದ ಯಾರಾದರೂ ಸಿಗ್ನಲ್ ತೋರಿಸಿದರೆ ನಾನು ಕೇಳುವ ಮೊದಲ ಮಾತು, ಕವಾಟ ಮುಚ್ಚಿ ನೋಡಿದೆಯಾ?

ಇನ್ನೂ ಒಂದು ಮೋಸ ಇದೆ, ಇದು ಲೋಹಗಳಿಗೂ ಅಣುಗಳಿಗೂ ನಡುವಿನದು. ಐರನ್ ಪೆಂಟಾಕಾರ್ಬೊನಿಲ್ ಎಂಬ ವಿಷದ್ರವದಲ್ಲಿ ಒಂದು ಕಬ್ಬಿಣದ ಪರಮಾಣುವಿನ ಸುತ್ತ ಐದು ಕಾರ್ಬನ್ ಮೊನಾಕ್ಸೈಡ್ ಅಣುಗಳು ಅಂಟಿಕೊಂಡಿರುತ್ತವೆ. ನ್ಯಾನೋಸೆಕೆಂಡಿನ ನೇರಳಾತೀತ ಲೇಸರಿನಿಂದ ಇದನ್ನು ಅಯಾನು ಮಾಡಲು ಹೊರಟರೆ ಪೂರ್ತಿ ಅಣುವಿನ ಅಯಾನು ಹೆಚ್ಚುಕಮ್ಮಿ ಸಿಗುವುದೇ ಇಲ್ಲ. ಸಿಗುವುದು ಬೋಳು ಕಬ್ಬಿಣದ ಅಯಾನು. ಹಲಸಿನ ತೊಳೆ ಬಿಡಿಸಿದಂತೆ ಬೆಳಕು ಮೊದಲು ಐದೂ ಕಾರ್ಬನ್ ಮೊನಾಕ್ಸೈಡುಗಳನ್ನು ಕಿತ್ತು ಹಾಕುತ್ತದೆ, ಉಳಿದ ಬರೀ ಕಬ್ಬಿಣವನ್ನು ಅದೇ ಮಿಡಿತದ ಮಿಕ್ಕ ಫೋಟಾನುಗಳು ಅಯಾನು ಮಾಡುತ್ತವೆ. ಕಬ್ಬಿಣಕ್ಕೆ ಬೇಕಾದದ್ದು 7.90 ಇವಿ. ಅಣು ಒಡೆಯುವುದಕ್ಕಿಂತ ಮೊದಲೇ ಎಲೆಕ್ಟ್ರಾನ್ ಕೀಳಬೇಕೆಂದರೆ ಮಿಡಿತವನ್ನು ಫೆಮ್ಟೋಸೆಕೆಂಡಿಗೆ ಇಳಿಸಬೇಕು. ಅಂದರೆ ಅಯಾನು ಬಂದಿತು ಎನ್ನುವುದಷ್ಟೇ ಸುದ್ದಿಯಲ್ಲ, ಯಾವುದರ ಅಯಾನು, ಒಡೆಯುವ ಮೊದಲಿನದೋ ಆಮೇಲಿನದೋ ಎನ್ನುವುದು ಸುದ್ದಿ.

ಈಗ ಪೊಟ್ಯಾಸಿಯಮ್ಮಿನ ಎರಡು ಲೆಕ್ಕ. 4.34 ಎನ್ನುವುದು ಆವಿಯಾಗಿ ಒಂಟಿಯಾಗಿ ತೇಲುತ್ತಿರುವ ಪರಮಾಣುವಿನದು. 2.30 ಎನ್ನುವುದು ಗಟ್ಟಿ ತುಂಡಿನದು, ಪುಸ್ತಕ ಅದನ್ನು ಕಾರ್ಯಫಲನ ಎನ್ನುತ್ತದೆ. ತಾಮ್ರದಲ್ಲೂ ಹೀಗೇ, ತುಂಡಿಗೆ 4.65, ಒಂಟಿ ಪರಮಾಣುವಿಗೆ 7.73. ಒಂಟಿ ಪರಮಾಣುವಿನಿಂದ ಎಲೆಕ್ಟ್ರಾನ್ ಹೊರಟರೆ ಹಿಂದೆ ಉಳಿಯುವ ಧನ ಆವೇಶ ಒಂದೇ ಕಡೆ ಗಂಟಾಗಿ ಕೂತು ಅದನ್ನು ಹಿಂದಕ್ಕೆಳೆಯುತ್ತದೆ. ಲೋಹದ ತುಂಡಿನಲ್ಲಿ ಎಲೆಕ್ಟ್ರಾನುಗಳು ಊರೊಟ್ಟಿನ ಸೊತ್ತು. ಒಂದು ಹೋದರೆ ಆ ಖಾಲಿಯನ್ನು ಉಳಿದವು ಹಂಚಿಕೊಂಡು ಮೈತುಂಬಾ ಹರಡಿಬಿಡುತ್ತವೆ, ಹಿಂದಕ್ಕೆಳೆಯುವ ಬಲ ಸಡಿಲವಾಗುತ್ತದೆ.

ಹಾಗಾದರೆ 4.34ರಿಂದ 2.30ಕ್ಕೆ ಇಳಿಯುವುದು ಎಲ್ಲಿ? ನಾನು ಈ ಕ್ಷೇತ್ರಕ್ಕೆ ಬಿದ್ದದ್ದೇ ಈ ಪ್ರಶ್ನೆಯಿಂದ. ಎರಡು ಪರಮಾಣು ಜೋಡಿಯಾದರೆ 4.06. ಮೂರು, ನಾಲ್ಕು, ಹತ್ತು, ನೂರು ಎಂದು ಗುಂಪು ದೊಡ್ಡದಾದ ಹಾಗೆ ಒಟ್ಟಾರೆ ಇಳಿಯುತ್ತಾ ಹೋಗುತ್ತದೆ, ಗುಂಡಿನ ತ್ರಿಜ್ಯ ಹೆಚ್ಚಿದಷ್ಟೂ ಹಿಂದೆಳೆತ ಕಡಿಮೆ. ಆದರೆ ನುಣ್ಣಗೆ ಇಳಿಯುವುದಿಲ್ಲ. 8 ಪರಮಾಣುಗಳ ಗುಂಪು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, 9 ಆದ ಕೂಡಲೇ ಹೊಸ್ತಿಲು ದಬಕ್ಕನೆ ತಗ್ಗುತ್ತದೆ. 20ರ ಆಚೆಗೂ ಹಾಗೇ. 1984ರಲ್ಲಿ ಬರ್ಕ್ಲಿಯ ವಾಲ್ಟರ್ ನೈಟ್ ತಂಡ ಸೋಡಿಯಂ ಗುಂಪುಗಳಲ್ಲಿ 8, 20, 40ರ ಸಂಖ್ಯೆಯವು ಉಳಿದವಕ್ಕಿಂತ ಎದ್ದು ಕಾಣುವುದನ್ನು ಕಂಡಿತು. ಇಡೀ ಗುಂಪೇ ಒಂದು ದೊಡ್ಡ ಪರಮಾಣುವಿನಂತೆ ಚಿಪ್ಪು ತುಂಬಿಸಿಕೊಳ್ಳುತ್ತದೆ. ಸೋಡಿಯಂ, ಪೊಟ್ಯಾಸಿಯಂ ಮೆತ್ತನೆಯವು, ಒಲೆಯಲ್ಲಿ ಆವಿ ಮಾಡಬಹುದು. ಕಬ್ಬಿಣ, ಟಂಗ್‌ಸ್ಟನ್ ಅಂಥವು ಬಗ್ಗುವುದಿಲ್ಲ. ಅವುಗಳಿಗೆ ಲೇಸರನ್ನೇ ಉಳಿಯಂತೆ ಬಳಸುತ್ತಾರೆ. ಲೋಹದ ಸರಳಿನ ಮೇಲೆ ಒಂದು ಮಿಡಿತ ಬಡಿದು ಆವಿ ಎಬ್ಬಿಸಿ, ಅದೇ ಕ್ಷಣಕ್ಕೆ ಹೀಲಿಯಂ ಊದಿ ತಣಿಸಿದರೆ ಪರಮಾಣುಗಳು ಗುಂಪುಗೂಡುತ್ತವೆ, ಎರಡನೇ ಲೇಸರ್ ಅವನ್ನು ಅಯಾನು ಮಾಡುತ್ತದೆ. ಅಮೆರಿಕದ ರಸಾಯನವಿಜ್ಞಾನಿ ಸ್ಮಾಲಿಯವರ ಲ್ಯಾಬಿನಲ್ಲಿ ಲೋಹಕ್ಕೆಂದು ಕಟ್ಟಿದ್ದ ಅಂಥ ಯಂತ್ರದಲ್ಲೇ 1985ರಲ್ಲಿ ಸರಳಿನ ಬದಲು ಗ್ರಾಫೈಟ್ ಇಟ್ಟಾಗ ಸಿಕ್ಕಿದ್ದು 60 ಕಾರ್ಬನ್ನುಗಳ ಫುಟ್‌ಬಾಲ್.

ಹೊಸ್ತಿಲನ್ನು ಇಷ್ಟು ನಿಖರವಾಗಿ ಅಳೆಯುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. 1984ರಲ್ಲೇ ಜರ್ಮನಿಯಲ್ಲಿ ಮ್ಯೂಲರ್ ಡೆಟ್‌ಲೆಫ್ಸ್, ಸ್ಯಾಂಡರ್, ಶ್ಲಾಗ್ ಮೂವರು ನೈಟ್ರಿಕ್ ಆಕ್ಸೈಡ್ ಮೇಲೆಯೇ ಒಂದು ಜಾಣ ಉಪಾಯ ಮಾಡಿದರು. ಜಾತ್ರೆ ಮುಗಿದಮೇಲೆ ಅವಸರದವರು ಬಸ್ಸು ಹತ್ತಿ ಹೋಗಿಬಿಡುತ್ತಾರೆ, ಸುಸ್ತಾದವರು ಮೈದಾನದಲ್ಲೇ ಕೂತಿರುತ್ತಾರೆ. ಲೇಸರಿನ ಶಕ್ತಿ ಹೊಸ್ತಿಲಿಗಿಂತ ಹೆಚ್ಚಿದ್ದರೆ ಮಿಕ್ಕ ಶಕ್ತಿಯಿಂದ ಎಲೆಕ್ಟ್ರಾನ್ ಓಡಿಹೋಗುತ್ತದೆ, ಸರಿಯಾಗಿ ಹೊಸ್ತಿಲಿನಷ್ಟೇ ಇದ್ದರೆ ಅಲ್ಲೇ ನಿಂತಿರುತ್ತದೆ. ಸ್ವಲ್ಪ ಹೊತ್ತು ಕಾದು, ಆಮೇಲೆ ವಿದ್ಯುತ್ ಕ್ಷೇತ್ರ ಕೊಟ್ಟು, ಕೂತಿದ್ದವನ್ನು ಮಾತ್ರ ಎಣಿಸಿದರು.

ಚಂದ್ರಯಾನ-3ರ ಪ್ರಜ್ಞಾನ್ ರೋವರ್ 2023ರ ಆಗಸ್ಟಿನಲ್ಲಿ ಚಂದ್ರನ ಮಣ್ಣಿಗೆ ಲೇಸರ್ ಬಡಿದು ಗಂಧಕ ಕಂಡಿತಲ್ಲ, ಅದೂ ಇದೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಬೆಂಗಳೂರಿನಲ್ಲಿ ತಯಾರಾದ ಆ ಉಪಕರಣ ಮಣ್ಣನ್ನು ಸುಟ್ಟು ಪ್ಲಾಸ್ಮಾ ಮಾಡುತ್ತದೆ. ಅಲ್ಲಿ ಮೆಟ್ಟಿಲಿಲ್ಲ, ಆಯ್ಕೆಯಿಲ್ಲ, ಎಲ್ಲವೂ ಒಟ್ಟಿಗೆ ಕಾದು ಅಯಾನಾಗುತ್ತವೆ, ತಣಿಯುವಾಗ ಬಿಡುವ ಬೆಳಕನ್ನು ಓದುತ್ತಾರೆ. ಎಷ್ಟು ಬಿಸಿಗೆ ಎಷ್ಟು ಪಾಲು ಅಯಾನು ಎಂಬ ಲೆಕ್ಕಕ್ಕೆ ಇಂದಿಗೂ ಆಧಾರ 1920ರಲ್ಲಿ ಮೇಘನಾದ ಸಹಾ ಕೊಟ್ಟ ಸಮೀಕರಣ.

ಈಗ ಅಪ್ಪನಿಗೆ ಉತ್ತರ. ಪ್ರಯೋಜನ ಉಂಟು, ಮಾಡಿಯೂ ಆಗಿದೆ. ಜರ್ಮನಿಯ ರಾಲ್ಫ್ ಝಿಮ್ಮರ್‌ಮನ್ ಮತ್ತು ಜೊತೆಗಾರರು ಕಾಫಿ ಹುರಿಯುವ ಯಂತ್ರದ ಹೊಗೆಯನ್ನು ಹುರಿಯುತ್ತಿರುವಾಗಲೇ ಲೇಸರಿನಿಂದ ಅಯಾನು ಮಾಡಿ ಓದಿದ್ದಾರೆ. ಹುರಿಯುವಾಗ ಡ್ರಮ್ಮಿನಿಂದ ಏಳುವುದರಲ್ಲಿ ಬಹುಪಾಲು ನೀರಾವಿ, ಇಂಗಾಲದ ಡೈಆಕ್ಸೈಡ್, ಬಿಸಿಗಾಳಿ. ಪರಿಮಳದ ಅಣುಗಳು ಚಿಟಿಕೆಯಷ್ಟು. ಮಾಮೂಲಿ ಯಂತ್ರಕ್ಕೆ ಕೊಟ್ಟರೆ ನೀರಾವಿಯೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. 266ರ ಎರಡು ಫೋಟಾನ್ ಸೇರಿದರೆ 9.32 ಇವಿ. ಅದು ನೀರಿಗೆ ಸಾಲದು, ಇಂಗಾಲದ ಡೈಆಕ್ಸೈಡಿಗೆ (13.78) ಸಾಲದು. ಫೀನಾಲ್‌ಗೆ ಬೇಕಾದದ್ದು 8.51, ಅಷ್ಟೇ ಅಲ್ಲ, 266ರಲ್ಲಿ ಅದಕ್ಕೆ ನಡುಗೈಯೂ ಇದೆ. ನಮ್ಮ ಪಂಪಿನ ಎಣ್ಣೆ ನಮಗೆ ಮಾಡಿದ ಮೋಸವನ್ನೇ ಅವರು ಬಂಡವಾಳ ಮಾಡಿಕೊಂಡರು ಎನ್ನಬಹುದು.

ಅಯಾನುಗಳನ್ನು ಸಾವಿರ ವೋಲ್ಟಿನಿಂದ ತಳ್ಳಿ ಒಂದು ಮೀಟರ್ ಓಡಿಸಿದರೆ ಹಗುರದವು ಮೊದಲು ಬರುತ್ತವೆ. 94 ತೂಕದ ಫೀನಾಲ್ 22 ಮೈಕ್ರೋಸೆಕೆಂಡಿಗೆ, 124ರ ಗ್ವಾಯಕಾಲ್ 25ಕ್ಕೆ, 150ರ ವಿನೈಲ್ ಗ್ವಾಯಕಾಲ್ 28ಕ್ಕೆ. (ಈ ಲೆಕ್ಕ ನೀವೇ ಮಾಡಿ ನೋಡಿ, ಚಲನಶಕ್ತಿಯ ಸೂತ್ರ ಸಾಕು.) ಕಾಫಿ ಬೀಜದ ಕ್ಲೋರೋಜೆನಿಕ್ ಆಮ್ಲ ಬಿಸಿಗೆ ಮುರಿದು ಮೊದಲು ವಿನೈಲ್ ಗ್ವಾಯಕಾಲ್, ಅದರಿಂದ ಗ್ವಾಯಕಾಲ್ ಮತ್ತು ಫೀನಾಲ್ ಹುಟ್ಟುತ್ತವೆ. ಬೀಜ ಕಂದಿದಂತೆ ಈ ಮೂರರ ಪ್ರಮಾಣ ಒಂದಕ್ಕೊಂದು ಹೇಗೆ ಬದಲಾಗುತ್ತದೆ ಎಂಬುದನ್ನು ಹುರಿಯುತ್ತಿರುವಾಗಲೇ ಪರದೆಯ ಮೇಲೆ ನೋಡಬಹುದು. ಹೊಗೆಯ ಘಾಟು, ಮಸಾಲೆಯ ಘಾಟು ಎಂದು ನಿಮ್ಮ ಅಪ್ಪ ಮೂಗಿನಲ್ಲಿ ಹಿಡಿಯುವುದರಲ್ಲಿ ಒಂದು ಪಾಲು ಇವೇ. ರೊಬಸ್ಟಾದಲ್ಲಿ ಕ್ಲೋರೋಜೆನಿಕ್ ಆಮ್ಲ ಅರೇಬಿಕಾಕ್ಕಿಂತ ಹೆಚ್ಚು, ಅದರ ಖಡಕ್ಕಿಗೆ ಇದೂ ಒಂದು ಕಾರಣ. ಆದರೆ ಮನೆಯ ಮಿಷನ್ನಿಗೆ ಇಂಥದೊಂದನ್ನು ಜೋಡಿಸುವ ಕನಸು ಬೇಡ. ಲೇಸರ್, ನಿರ್ವಾತ ಪಂಪು, ಅಯಾನು ಓಡುವ ಕೊಳವೆ ಇವುಗಳ ಖರ್ಚಿಗೆ ತೋಟವನ್ನೇ ಅಡ ಇಡಬೇಕಾದೀತು. ಬೀಜ ಚಟಪಟ ಸಿಡಿಯುವ ಸದ್ದು ಮತ್ತು ಮೂಗು ಸದ್ಯಕ್ಕೆ ಅಗ್ಗ.

ಹಸಿರು ಲೇಸರ್ ಪೆನ್ನಿನಿಂದ ಅಯಾನೀಕರಣ ಆಗದು, ಅದರ ಬೆಳಕು ಒಂದೇ ಸಮ ಹರಿಯುತ್ತದೆ, ಮಿಡಿತದಲ್ಲಿ ಒಟ್ಟಾಗಿ ಬರುವುದಿಲ್ಲ. ಆಗುವುದು ಕಣ್ಣಿಗೆ ಅಪಾಯ. ಅಗ್ಗದ ಪೆನ್ನುಗಳಲ್ಲಿ ಹಸಿರಿನ ಜೊತೆ ಕಾಣದ ಅವಕೆಂಪು ಬೆಳಕೂ ಸೋರುತ್ತಿರುತ್ತದೆ, ಕಣ್ಣು ಮಿಟುಕಿಸುವುದಕ್ಕೂ ಅದು ಅವಕಾಶ ಕೊಡುವುದಿಲ್ಲ. ಅದನ್ನು ಡ್ರಾಯರಿನಲ್ಲಿಡಿ.

ಮೊದಲ ಮೆಟ್ಟಿಲನ್ನು ಮಾತ್ರ ನಿಮ್ಮ ಕಾಲೇಜಿನಲ್ಲೇ ಕಣ್ಣಾರೆ ನೋಡಬಹುದು. ನ್ಯೂಟನ್ನನ ಉಂಗುರಗಳ ಪ್ರಯೋಗಕ್ಕೆ ಬಳಸುವ ಸೋಡಿಯಂ ದೀಪ ಹಚ್ಚಿ, ಉಳಿದ ದೀಪವೆಲ್ಲ ಆರಿಸಿ, ಕಿಟಕಿ ಮುಚ್ಚಿ. ದೀಪ ಪೂರ್ತಿ ಹಳದಿಗೆ ತಿರುಗಲು ಹತ್ತು ನಿಮಿಷ ಬಿಡಿ. ಅದರ ಮುಂದೆ ಬನ್ಸನ್ ಬರ್ನರ್ ಇಟ್ಟು, ಉಪ್ಪುನೀರಿನಲ್ಲಿ ಅದ್ದಿದ ತಂತಿಯನ್ನು ಉರಿಗೆ ಹಿಡಿಯಿರಿ, ಉರಿಯ ಮೂಲಕ ದೀಪದ ಕಡೆ ನೋಡಿ. ಸಾಮಾನ್ಯ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುವ ಅದೇ ಉರಿ ಕಪ್ಪಾಗಿ ಕುಣಿಯುತ್ತದೆ. ಉರಿಯೊಳಗಿನ ಸೋಡಿಯಂ ಪರಮಾಣುಗಳು ದೀಪದ 589ನ್ನು ಹಿಡಿದುಕೊಂಡು 2.10 ಇವಿ ಏರಿ ಕೂತಿವೆ, ಆಮೇಲೆ ಅದನ್ನು ಸುತ್ತ ಎಲ್ಲಾ ದಿಕ್ಕಿಗೂ ಚೆಲ್ಲುವುದರಿಂದ ನಿಮ್ಮ ಕಣ್ಣಿನ ಕಡೆ ಬರುವುದು ಕಮ್ಮಿ. ಬೀದಿಯ ಹಳೇ ಸೋಡಿಯಂ ದೀಪದಲ್ಲಿ ಇದು ಅಷ್ಟು ಚೆನ್ನಾಗಿ ಬರುವುದಿಲ್ಲ. ಅದರಲ್ಲಿ ಆವಿಯ ಒತ್ತಡ ಹೆಚ್ಚು, ಹೊರಡುವ ಮೊದಲೇ ಆ 589ನ್ನು ದೀಪವೇ ನುಂಗಿಕೊಂಡಿರುತ್ತದೆ. ಆಮೇಲೆ ಮೊಬೈಲಿನ ಟಾರ್ಚನ್ನು ಹಿಂದಿನಿಂದ ಹಿಡಿದು ನೋಡಿ, ಉರಿಯ ಕಪ್ಪು ಮಾಯವಾಗಿರುತ್ತದೆ. ಯಾಕೆಂದು ಬರೆದು ಕಳಿಸಿ.